ನೌಕರಿ ಬಿಟ್ಟ ಬಂದಾಕಿಗೆ ಮೊದಲ ಒಂದ ಕಪ್ಪ ಚಾ ಕೊಡ್ರಿ

ಈ ಸಲ ಉದ್ದಿನ ಹಪ್ಪಳದ್ದು ಬರೀಬೇಕಂತ ಮಾಡಿದ್ದೆ. ಗಿರಣಿಗೆ ಹೋಗಿ ಹಿಟ್ಟೂ ಹಾಕಿಸ್ಕೊಂಡ ಬಂದಿದ್ದೆ. ಹಿಟ್ಟ ಡಬ್ಬ್ಯಾಗ ಹಂಗ ಕುಂತೈತಿ. ಯಾಕಂದ್ರ ನನಗ ಸಿಟ್ಟ ಬಂದೈತಿ, ಸಿಟ್ಟಿನ್ಯಾಗ ಹಿಟ್ಟ ನಾದಿದ್ರ ಹಪ್ಪಳ ಹರೀತಾವ. ಅದಕ್ಕ ಮೊದಲ ಇದನ್ನ ಬರದ ಹಗರ ಆಗ್ತೀನಿ.

ನಮ್ಮ ಓಣ್ಯಾಗಿನ ಒಂದ ಹುಡುಗಿ ಬೆಂಗಳೂರಾಗಿನ ನೌಕರಿ ಬಿಟ್ಟ ಚಿಮ್ಮಡಕ್ಕ ಬಂದಾಳ. ಹೆಸರ ಬರಿಯೂದಿಲ್ಲ. ಇಷ್ಟ ಬರಿಯಾಕೂ ಆಕೀನ ಕೇಳೀನಿ, "ಬರೀರಿ ಅತ್ತಿ" ಅಂದಾಳ. ಬಂದ ಎಂಟ ದಿನ ಆತು. ಎಂಟೂ ದಿನ ಅವರ ಮನಿಗೆ ಹೆಣ್ಣಮಕ್ಕಳ ಹೋಗೂದ ಬರೂದ ನಡದೈತಿ, ಸತ್ತವರ ಮನಿಗೆ ಮಾತಾಡಸಾಕ ಹೋದಂಗ. "ಯಾಕವಾ, ಏನಾತು?" "ಸಾಹೇಬ ಎರಡ ಮಾತ ಅಂದಾನು, ಅಟ್ಟಕ್ಕ ಬಿಟ್ಟ ಬರ್ತಾರೇನ?" "ಅಂತಾ ಪಗಾರ ನಮ್ಮ ಕಡೆ ಯಾರ ಕೊಡ್ತಾರ?" ಒಬ್ಬಾಕಿ ಅಂತೂ ಆ ಹುಡುಗಿ ಎದುರಿಗೇ ಅಂದ್ಲಂತ, "ಇವತ್ತ ನೌಕರಿ ಬಿಟ್ಟ ಬಂದಾಕಿ ನಾಳೆ ಗಂಡನ್ನ ಬಿಟ್ಟ ಬರೂದಿಲ್ಲ ಅಂತ ಏನ ಗ್ಯಾರಂಟಿ?"

ಆ ಹುಡುಗಿ ಈಗ ಹಿಂದಿನ ಖೋಲಿ ಬಿಟ್ಟ ಹೊರಗ ಬರವಲ್ಲಳು. ನಾ ಹೋಗಿ ಬಾಜೂಕ ಕುಂತ ಮ್ಯಾಲ ಸಾವಕಾಶ ಹೇಳಿದ್ಲು. ಮುಂಜಾನೆ ಹತ್ತಕ್ಕ ಕಂಪ್ಯೂಟರ್ ಮುಂದ ಕುಂತ್ರ ರಾತ್ರಿ ಹನ್ನೊಂದ, ಹನ್ನೆರಡ. ತಾಟಿನ್ಯಾಗ ಕೈ ಇಟ್ರ ಫೋನ್. ಮೂರ ತಿಂಗಳ ಮುಟ್ಟ ನಿಂತಿತ್ತಂತ. ತಲಿ ಹಿಕ್ಕೊಂಡ್ರ ಕೂದ್ಲ ಉಂಡಿ ಉಂಡಿ ಹಣಿಗ್ಯಾಗ ಬರ್ತಿತ್ತಂತ. ಡಾಕ್ಟರ್ ಬಾಯಿ "ಮೊದಲ ನಿದ್ದಿ ಮಾಡು, ಔಷಧ ಆಮ್ಯಾಲ" ಅಂದ್ರಂತ. ನಿದ್ದಿ ಮಾಡಾಕ ನಾಕ ದಿನ ಸೂಟಿ ಕೇಳಿದ್ರ ಮ್ಯಾನೇಜರ್ ಎಲ್ಲಾರ ಮುಂದ ನಕ್ಕನಂತ. ಇಷ್ಟ ಕೇಳಿದ ಮ್ಯಾಲೂ ಮನಿಯವರು ಬರೂ ಐತವಾರ ರಾತ್ರಿ ಬಸ್ಸಿಗೆ ಆಕೀನ ಹೊಳ್ಳಿ ಹತ್ತಸಾವ್ರ ಅದಾರ. ಹೋಗಿ ಸಾಹೇಬನ ಕೈಕಾಲ ಹಿಡದ ರಾಜೀನಾಮೆ ವಾಪಸ್ ತಗೋಬೇಕಂತ.

ಇವತ್ತ ಮಂಗಳವಾರ. ಇದನ್ನ ಓದೂ ನಿಮ್ಮೊಳಗ ಆಕಿ ಅವ್ವನೂ ಅದಾಳ, ದೊಡ್ಡವ್ವನೂ ಅದಾಳ. ಅದಕ್ಕ ಮಸಾಲಿ ಹಚ್ಚಲಾರದ ಹೇಳ್ತೀನಿ: ಕಳಸಬ್ಯಾಡ್ರಿ.

"ಇಕಿ ಯಾರ ನಮಗ ಹೇಳಾಕ" ಅಂತೀರಿ. ನಾನೂ ಹಿಂಗ ಬಿಟ್ಟ ಬಂದಾಕಿ, ಅದಕ್ಕ ಹೇಳಾಕತ್ತೀನಿ.

2015ರಿಂದ 2024ರ ಮಾರ್ಚ್ ತನಕಾ ಒಂದ ಪತ್ತಿನ ಸೊಸಾಯಿಟ್ಯಾಗ ಲೆಕ್ಕ ಬರಿಯೂ ಕೆಲಸ ಮಾಡೀನಿ. ಯಾವ ಊರಾಗ, ಯಾವ ಸೊಸಾಯಿಟಿ ಅನ್ನೂದು ಬರಿಯೂದಿಲ್ಲ. ನಿಮ್ಮೊಳಗ ಭಾಳ ಮಂದಿಗೆ ಗೊತ್ತೈತಿ, ಯಾಕಂದ್ರ ನಿಮ್ಮ ಬಾಗಲಿಗೆ ಠೇವಣಿ ಕೇಳಾಕ ನಾ ಬಂದೀನಿ. ನೆನಪೈತೇನ? ಮಾರ್ಚ್ ಬಂತಂದ್ರ ಸಾಕು, ಒಬ್ಬೊಬ್ಬ ನೌಕರ ಹತ್ತ ಲಕ್ಷ ಠೇವಣಿ ತರಬೇಕಂತ ಸಾಹೇಬ್ರು ಹೇಳ್ತಿದ್ರು. ನಾ ಎಲ್ಲಿಂದ ತರ್ಲಿ? ನೆಗೆಣ್ಣಿ ತವರಮನಿಯವರು ಕಬ್ಬಿನ ಬಿಲ್ಲ ಬಂದಾಗ ಇಟ್ರು. ಕಾಕು ಎಮ್ಮಿ ಮಾರಿದ ರೊಕ್ಕ ಇಟ್ಲು. ಇನ್ನೊಬ್ಬ ಅಕ್ಕ ಮಗಳ ಲಗ್ನಕ್ಕ ಕೂಡಿಸಿದ್ದ ಇಟ್ಲು. ನೀವ ಯಾರೂ ಸೊಸಾಯಿಟಿ ನೋಡಿ ಇಡಲಿಲ್ಲ, ನನ್ನ ಮಾರಿ ನೋಡಿ ಇಟ್ರಿ. ಸಾಹೇಬ್ರಿಗೆ ಬೇಕಾಗಿದ್ದ ನನ್ನ ಲೆಕ್ಕದ ಕೈ ಅಲ್ಲ, ನನ್ನ ಬೀಗತನ, ನನ್ನ ಓಣಿ. ಇದು ನನಗ ತಿಳಿಯಾಕ ಎಂಟ ವರ್ಷ ಹಿಡೀತು.

ಪಗಾರ 11 ಸಾವಿರ. ಮುಂಜಾನೆ ಒಂಬತ್ತೂವರಿಗೆ ಹೋದ್ರ ಸಂಜಿ ಏಳ ಕಡ್ಡಾಯ. ರಾತ್ರಿ ಹತ್ತಕ್ಕ ವಾಟ್ಸಾಪ್ ಗುಂಪಿನ್ಯಾಗ "ಇವತ್ತಿನ ವಸೂಲಿ ಎಷ್ಟು?" ಅಂತ ಬರಬೇಕು, ಐದ ಮಿನಿಟಿನ್ಯಾಗ ಉತ್ತರ ಹೋಗಬೇಕು. ಇಲ್ಲಾಂದ್ರ ಮರದಿನ ಮೀಟಿಂಗಿನ್ಯಾಗ ನಿಂದ್ರಸೂದು. ನಲವತ್ತೈದ ವರ್ಷದ ಹೆಂಗಸನ್ನ, ಇಪ್ಪತ್ತೆರಡ ವರ್ಷದ ಹುಡುಗ್ರ ಮುಂದ, ಸಾಲಿಮಕ್ಕಳನ್ನ ನಿಂದ್ರಿಸಿದಂಗ. ನಮ್ಮ ಅತ್ತಿ ತೀರಿಕೊಂಡಾಗ ಐದನೇ ದಿನಕ್ಕ ಫೋನ್ ಬಂತು, ತಿಜೋರಿ ಕೀಲಿ ಯಾರ ಕಡೆ ಐತಿ ಅಂತ. ಅದನ್ನೂ ತಡಕೊಂಡೆ. ನೀವ ಹೇಳೂದು ಅದನ್ನ ಅಲ್ಲೇನ, ತಡಕೋ ಅಂತ. ನಾ ಒಂಬತ್ತ ವರ್ಷ ತಡಕೊಂಡಾಕಿ.

ಬಿಟ್ಟಿದ್ದ ಯಾವತ್ತ ಅಂದ್ರ, ಒಂದ ದಿನ ಸಾಹೇಬ್ರು ಕರದು ಒಂದ ಪತ್ತೆ ಕೊಟ್ರು. ಮಗ್ಗದ ಮನಿ ಹೆಣ್ಣಮಗಳು, ಸಾಲದ ಮೂರ ಕಂತ ಬಾಕಿ. "ಬೇಸ್ತವಾರ ಸಂಜಿಮುಂದ ಹೋಗಿ ಅವರ ಕಟ್ಟಿ ಮ್ಯಾಲ ಕುಂಡ್ರು. ಓಣಿಗೆಲ್ಲಾ ಕೇಳೂವಂಗ ಕೇಳು. ಅವತ್ತ ಅವರ ಮಗಳನ್ನ ನೋಡಾಕ ಬರಾವ್ರ ಅದಾರ, ಮರ್ಯಾದಿಗೆ ಅಂಜಿ ಎಲ್ಲಿಂದರೆ ತಂದ ಕೊಡ್ತಾಳ" ಅಂದ್ರು. ನೋಡ್ರಿ, ದಿನಾ ಸುದ್ದಾ ತಾವೇ ಆರಿಸಿದ್ರು.

ನಾ ಹೋದೆ. ಸುಳ್ಳ ಯಾಕ ಹೇಳ್ಲಿ, ಹೋದೆ. ಬಾಗಲ ಮುಂದ ಹೊಸಾ ಚಪ್ಪಲಿ ಸಾಲಾಗಿ ಬಿಟ್ಟಿದ್ರು. ಒಳಗ ಅವಲಕ್ಕಿ ಒಗ್ಗರಣಿ ವಾಸನಿ. ನಾ ಕಟ್ಟಿ ಮ್ಯಾಲ ಕುಂತೆ. ಆ ಹೆಣ್ಣಮಗಳ ಹೊರಗ ಬಂದ್ಲು, ನನ್ನ ನೋಡಿದ್ಲು, ಗುರುತ ಹಿಡದ್ಲು. ಯಾತಕ್ಕ ಬಂದೀನಿ ಅನ್ನೂದು ಆಕಿಗೆ ಗೊತ್ತಾತು, ಆಕಿಗೆ ಗೊತ್ತಾಗಿದ್ದು ನನಗೂ ಗೊತ್ತಾತು. ಒಂದ ಮಾತ ಆಡಲಿಲ್ಲ. ಒಳಗ ಹೋಗಿ ಬೀಗರಿಗೆ ಮಾಡಿದ್ದ ಚಾದಾಗ ಒಂದ ಕಪ್ಪ ತಂದ ನನ್ನ ಕೈಯಾಗ ಕೊಟ್ಲು. "ಕುಡೀರಿ ಅಕ್ಕಾರ, ದೂರಿಂದ ಬಂದೀರಿ" ಅಂದ್ಲು. ನಾ ಚಾ ಕುಡದೆ, ಕಪ್ಪ ತೊಳದ ಇಟ್ಟೆ, ಎದ್ದ ಬಂದೆ. ಮರದಿನ ರಾಜೀನಾಮೆ ಬರದ ಕೊಟ್ಟೆ.

ನನ್ನ ಸಿಟ್ಟ ಬರೇ ನನ್ನ ಸಾಹೇಬನ ಮ್ಯಾಲ ಅಲ್ಲ. ಅವತ್ತ ಮನಿಗೆ ಬಂದ ಬಿಡ್ತೀನಿ ಅಂದಾಗ ನಮ್ಮ ಮಂದಿ ಏನಂದ್ರು? "ಎಲ್ಲಾರೂ ಮಾಡ್ತಾರ, ನೀ ಏನ ದೊಡ್ಡ ಹರಿಶ್ಚಂದ್ರನ ಮಗಳೇನ?" ಇಂತಾ ಮಾತ ಗಂಡಸರಿಗಿಂತಾ ಮೊದಲ ನಾವ ಹೆಣ್ಣಮಕ್ಕಳೇ ಆಡ್ತೀವಿ. ಸಾಹೇಬ ಆಫೀಸಿನ್ಯಾಗ ಬಾಗಲಾ ಹಾಕ್ತಾನ. ಹುಡುಗಿ ಹೆಂಗರೆ ಮಾಡಿ ಅದನ್ನ ತಕ್ಕೊಂಡ ಹೊರಗ ಬಂದ್ರ, ಊರಾಗ ನಾವ ಇನ್ನೊಂದ ಬಾಗಲಾ ಹಾಕೊಂಡ ನಿಂತಿರ್ತೀವಿ. ಪಗಾರ ಇಲ್ಲದ ಸಾಹೇಬನ ಕಾವಲ ಮಾಡಾವ್ರು ನಾವು.

ಈಗ ನಿಮ್ಮ ಒಂದೊಂದ ಮಾತಿಗೂ ಉತ್ತರ ಕೊಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲನೇದು, "ತಾಳಿದವರು ಬಾಳ್ಯಾರು." ಖರೇ ಐತಿ, ಹೊಲಕ್ಕ ಖರೇ, ಬ್ಯಾನಿಗೆ ಖರೇ. ಮಳಿ ಇವತ್ತಿಲ್ಲ ನಾಳೆ ಬರ್ತೈತಿ, ಹೆರಿಗಿ ಬ್ಯಾನಿ ಕೂಸ ಹುಟ್ಟಿದ ಮ್ಯಾಲ ನಿಂದರ್ತೈತಿ. ತಾಳಾಕ ಒಂದ ಕೊನಿ ಇರಬೇಕು. ಸಾಹೇಬನ ಆಸೆಗೆ ಎಲ್ಲೈತ್ರಿ ಕೊನಿ? ಹತ್ತ ಲಕ್ಷ ತಂದ್ರ ಬರೂ ವರ್ಷ ಹದಿನೈದ ಅಂತಾನ. ಏಳರ ತನಕಾ ಕುಂತ್ರ ಎಂಟಾಗ್ತೈತಿ. ನಾವ ತಾಳಿದಷ್ಟೂ ಆವ ಹೇರ್ತಾನ, ಎತ್ತ ಸುಮ್ಮ ಎಳೀತೈತಿ ಅಂತ ಗಾಡಿಗೆ ಮತ್ತ ನಾಕ ಚೀಲ ಒಗದಂಗ. ಇನ್ನ "ನಾವ ಅತ್ತಿ ಕೈಯಾಗ ಹೆಂಗ ಬಾಳೇವ ಮಾಡೀವಿ" ಅನ್ನೂ ಮಾತು. ಅಕ್ಕಾರ, ನಿಮ್ಮನ್ನ ಬಿಡಸಾಕ ಅವತ್ತ ಯಾರೂ ಬರಲಿಲ್ಲ, ಅದಕ್ಕ ಬಾಳೇವ ಮಾಡಿದ್ರಿ. ಯಾರರೆ ಬಂದಿದ್ರ ಎಷ್ಟ ಛಲೋ ಇತ್ತು ಅಂತ ನೀವೇ ನನ್ನ ಮುಂದ ಅತ್ತೀರಿ. ಈಗ ಆ ಹುಡುಗಿಗೆ ನಾವೇ ಬರೂ ಪಾಳಿ ಬಂದೈತಿ.

ಎರಡನೇದು, ಕಾಯಕದ ಮಾತು. ನಮ್ಮ ಕಡೆ ಯಾರಿಗರೆ ಬಾಯಿ ಮುಚ್ಚಸಬೇಕಂದ್ರ ಬಸವಣ್ಣನ್ನ ಕರಕೊಂಡ ಬರ್ತಾರ. ನಮ್ಮ ಸಾಹೇಬ್ರ ಮೇಜಿನ ಹಿಂದ ಕಾಯಕ-ಕೈಲಾಸ ಅಂತ ದೊಡ್ಡ ಬೋರ್ಡೇ ಇತ್ತು. ಆದ್ರ ಶರಣರ ಕಥಿ ಪೂರಾ ಕೇಳ್ರಿ. ರಾಯಚೂರ ಜಿಲ್ಲಾದ ಲಿಂಗಸುಗೂರ ಕಡೆ ಅಮರೇಶ್ವರದಿಂದ ಕಲ್ಯಾಣಕ್ಕ ಹೋದ ಗಂಡ-ಹೆಂಡ್ತಿ, ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಬಸವಣ್ಣನ ಮಹಾಮನಿ ಅಂಗಳದಾಗ ಬಿದ್ದ ಅಕ್ಕಿ ಆರಿಸಿಕೊಂಡ ಬರೂದ ಅವರ ಕಾಯಕ. ಒಂದ ದಿನ ಮಾರಯ್ಯ ದಿನದಕಿಂತಾ ಹೆಚ್ಚ ಆರಿಸ್ಕೊಂಡ ಬಂದ. ಲಕ್ಕಮ್ಮ ಏನ ಮಾಡಿದ್ಲು? ಭೇಷ್ ಅಂತ ಬೆನ್ನ ಚಪ್ಪರಿಸಿದ್ಲೇನ? ಇಲ್ಲ. ನಮಗ ಇಷ್ಟ ಯಾಕ ಬೇಕು, ಇದು ಆಸೆ, ಹೋಗಿ ಅಲ್ಲೇ ಸುರವಿ ಬಾ ಅಂತ ಹೊಳ್ಳಿ ಕಳಸಿದ್ಲು. ಕಾಯಕಕ್ಕ ಒಂದ ಅಳತಿ ಐತಿ, ಅಳತಿ ಹಾಕಿದಾಕಿ ಮನ್ಯಾಗಿನ ಹೆಣ್ಣಮಗಳು. ಅಳತಿ ಇಲ್ಲದ್ದು ಕಾಯಕ ಅಲ್ಲ, ಜೀತ.

ಬಸವಣ್ಣಂದೂ ಕೇಳ್ರಿ. ಬಿಜ್ಜಳನ ಭಂಡಾರದ ಕೀಲಿ ಕೈಯಾಗ ಇದ್ದಾವ. ಅದಕಿಂತಾ ದೊಡ್ಡ ನೌಕರಿ ಆ ಕಾಲಕ್ಕ ಯಾವದಿತ್ತು? ಹರಳಯ್ಯ, ಮಧುವರಸರ ಮಕ್ಕಳ ಲಗ್ನದ ನೆವ ಮಾಡಿ ರಾಜ ಶರಣರ ಮ್ಯಾಲ ತಿರುಗಿದಾಗ, ಬಸವಣ್ಣ ಹುದ್ದೆ ಬಿಟ್ಟ, ಕಲ್ಯಾಣ ಬಿಟ್ಟ ಕೂಡಲಸಂಗಮಕ್ಕ ಬಂದ ಅಂತ ಶರಣರ ಕಥಿ ಹೇಳ್ತಾವ. ಕೃಷ್ಣಾ, ಮಲಪ್ರಭಾ ಕೂಡೂ ಆ ಜಾಗಾ ನಮ್ಮ ಬಾಗಲಕೋಟ ಜಿಲ್ಲಾದಾಗ ಐತಿ, ವರ್ಷಾ ನಾವ ಗಾಡಿ ಮಾಡ್ಕೊಂಡ ಹೋಗಿ ಕಾಯಿ ಒಡಿಸ್ಕೊಂಡ ಬರ್ತೀವಿ. ನೌಕರಿ ಬಿಟ್ಟ ಬಂದಾವನ ಐಕ್ಯಸ್ಥಳಕ್ಕ ಕೈ ಮುಗದ ಬಂದು, ನೌಕರಿ ಬಿಟ್ಟ ಬಂದ ಹುಡುಗಿಗೆ ಸೊಕ್ಕಿನಾಕಿ ಅಂತೀವಿ.

ಮೂರನೇದು, "ದುಡೀಲಿಲ್ಲಂದ್ರ ದೊಡ್ಡವರ ಹೆಂಗ ಆಗ್ತಾರ?" 2023ರ ಅಕ್ಟೋಬರದಾಗ ಇನ್ಫೋಸಿಸ್ ನಾರಾಯಣಮೂರ್ತಿಯವರು ಹರೇದ ಹುಡುಗ್ರು ವಾರಕ್ಕ 70 ತಾಸ ದುಡೀಬೇಕು ಅಂದ್ರು. 2025ರ ಜನೇವರಿಯೊಳಗ ಎಲ್ ಆಂಡ್ ಟಿ ಕಂಪನಿ ಮುಖ್ಯಸ್ಥರು 90 ತಾಸ ಅಂದ್ರು, ಐತವಾರ ಮನ್ಯಾಗ ಕುಂತ ಹೆಂಡ್ತಿ ಮಾರಿ ಎಷ್ಟೊತ್ತ ನೋಡ್ತೀರಿ ಅನ್ನೂ ಅರ್ಥದ ಮಾತೂ ಆಡಿದ್ರು. ದೊಡ್ಡವರು, ದೊಡ್ಡ ಸಂಸ್ಥಾ ಕಟ್ಟಿದವರು, ಅಲ್ಲ ಅನ್ನೂದಿಲ್ಲ. ಆದ್ರ ನಾನೂ ಲೆಕ್ಕ ಬರದಾಕಿ, ನನ್ನ ಲೆಕ್ಕಾನೂ ನೋಡ್ರಿ. ಕೇಂದ್ರ ಸರ್ಕಾರದವರ 2024ರ ಸಮಯ ಬಳಕೆ ಸಮೀಕ್ಷೆಯೊಳಗ ಮನಿಗೆಲಸಕ್ಕ ಹೆಣ್ಣಮಕ್ಕಳು ದಿನಕ್ಕ 289 ಮಿನಿಟ ಕೊಡ್ತಾರ, ಗಂಡಸರು 88 ಮಿನಿಟ ಕೊಡ್ತಾರ ಅಂತ ಬಂದೈತಿ. 289 ಅಂದ್ರ ಐದ ತಾಸಿಗೆ 11 ಮಿನಿಟ ಕಡಿಮಿ. ಏಳ ದಿನಕ್ಕ ಗುಣಸ್ರಿ, ಹತ್ತಹತ್ತರ 34 ತಾಸ. 70ಕ್ಕ 34 ಕೂಡಿಸಿದ್ರ 104. 90ಕ್ಕ ಕೂಡಿಸಿದ್ರ 124. ವಾರಕ್ಕ ಇರೂದ 168 ತಾಸ. ಉಳದ 44 ತಾಸಿನ್ಯಾಗ ನಿದ್ದಿ, ಜಳಕ, ಊಟ, ಬಸ್ಸು, ಕೂಸಿನ ಜ್ವರ ಎಲ್ಲಾ. ಈ ಸಾಹೇಬ್ರ ತಾಟಿನ್ಯಾಗಿನ ಬಿಸಿ ರೊಟ್ಟಿ ಯಾರ ತಾಸಿನ್ಯಾಗ ಬಡದಿದ್ದು ಅನ್ನೂದು ಯಾವ ಭಾಷಣದಾಗೂ ಬರೂದಿಲ್ಲ.

ಮತ್ತ ಸರ್ಕಾರಿ ಕಾಯ್ದೆನೂ ಅವರ ಹೇಳಿದಂಗ ಇಲ್ಲ. ಅಂಗಡಿ, ಖಾಸಗಿ ಆಫೀಸುಗಳಿಗೆ ಅಂತ ನಮ್ಮ ರಾಜ್ಯದಾಗ 1961ರ ಕಾಯ್ದೆ ಐತಿ. ದಿನಕ್ಕ 9 ತಾಸ, ವಾರಕ್ಕ 48 ತಾಸ, ವಾರಕ್ಕೊಂದ ಸೂಟಿ, ಹೆಚ್ಚ ದುಡಿಸಿದ್ರ ಎರಡ ಪಟ್ಟ ಕೂಲಿ. 2024ರ ಜುಲೈದಾಗ ಐಟಿ ಕಂಪನಿಗೋಳಿಗೆ ದಿನಕ್ಕ 14 ತಾಸ ತನಕಾ ದುಡಿಸಿಕೊಳ್ಳಾಕ ಬರೂವಂಗ ಇದನ್ನ ತಿದ್ದೂ ಪ್ರಸ್ತಾವ ಬಂದಾಗ, ಬೆಂಗಳೂರಾಗ ಐಟಿ ನೌಕರರ ಸಂಘದವರೇ ಎದ್ದ ನಿಂತ ವಿರೋಧ ಮಾಡಿದ್ರು. ನಮ್ಮ ಹುಡುಗಿ ಮುಂಜಾನೆ ಹತ್ತರಿಂದ ರಾತ್ರಿ ಹನ್ನೆರಡರ ತನಕಾ ಕುಂತಿದ್ಲಲ್ಲ, ಬಟ್ಟ ಮಡಚಿ ಎಣಸ್ರಿ, 14 ತಾಸ. ಅಂದ್ರ ಕಾಯ್ದೆಕ್ಕಿಂತಾ ಐದ ತಾಸ ಜಾಸ್ತಿ. ಬಿಟ್ಟ ಬಂದಾಕಿ ತಪ್ಪ ಮಾಡಿದ್ಲೋ, ದುಡಿಸ್ಕೊಂಡಾವ ತಪ್ಪ ಮಾಡಿದ್ನೋ ನೀವೇ ಹೇಳ್ರಿ.

ಇನ್ನೊಂದ ಸುದ್ದಿ ಬರಿಯಾಕ ಕೈ ನಡಗ್ತೈತಿ. ಕೇರಳದ ಒಂದ ಹುಡುಗಿ, 26 ವರ್ಷ, ಸಿಎ ಪಾಸಾಗಿ ಪುಣೆಯಾಗ ಒಂದ ದೊಡ್ಡ ಲೆಕ್ಕಪತ್ರದ ಕಂಪನಿಗೆ 2024ರ ಮಾರ್ಚ್ ತಿಂಗಳದಾಗ ಸೇರಿದ್ಲು. ಜುಲೈದಾಗ ತೀರಿಕೊಂಡ್ಲು. ಅವರವ್ವ ಸಪ್ಟೆಂಬರದಾಗ ಕಂಪನಿ ಮುಖ್ಯಸ್ಥರಿಗೆ ಪತ್ರ ಬರದ್ಲು, ಕೆಲಸದ ಹೊರಿ ನನ್ನ ಮಗಳನ್ನ ತಿಂತು, ಮಣ್ಣಿಗೂ ಆಫೀಸಿನವರ ಒಬ್ಬರೂ ಬರಲಿಲ್ಲ ಅಂತ. ಕೆಲಸದ ಒತ್ತಡದಿಂದ ಆಗಿದ್ದಲ್ಲ ಅಂತ ಕಂಪನಿಯವರು ಅಂದ್ರು. ಯಾರದು ಖರೆ ಅಂತ ನ್ಯಾಯ ಹೇಳಾಕ ನಾ ಕುಂತಿಲ್ಲ. ಆದ್ರ ನಾ ಒಬ್ಬ ತಾಯಿ. ಅಂತಾ ಪತ್ರ ಬರಿಯೂ ಪಾಳಿ ಯಾವ ಅವ್ವಗೂ ಬರಬಾರದು. ಮಗಳ ಜೀವಂತ ಹೊಳ್ಳಿ ಬಂದಾಳ ಅಂದ್ರ ಮಾರಿ ಸಣ್ಣ ಮಾಡ್ಕೊಂಡ ಕುಂಡ್ರತೀರೇನ? ಆರತಿ ಮಾಡಿ ಒಳಗ ಕರಕೋಬೇಕ್ರಿ.

ನಾಕನೇದು, "ಮನಿ ಹೆಂಗ ನಡೀಬೇಕು?" ಇದೊಂದು ಖರೇ ಪ್ರಶ್ನೆ. ಇದಕ್ಕ ನಾ ಹಗರ ಉತ್ತರ ಕೊಡೂದಿಲ್ಲ. ನಾ ಬಿಟ್ಟ ಮ್ಯಾಲ ಏಳ ತಿಂಗಳ ನಮ್ಮ ಮನ್ಯಾಗ ಒಂದ ಪಗಾರ ಪೂರಾ ನಿಂತ್ತು. ಮಗಳ ಧಾರವಾಡದ ಹಾಸ್ಟೆಲ್ ಫೀ ತುಂಬಾಕ ಬಿಲ್ವಾರ ಒತ್ತಿ ಇಟ್ಟೆ. ಗೃಹಲಕ್ಷ್ಮಿ 2 ಸಾವಿರ ಬಂದ ದಿನಾನ ಕಿರಾಣಿ ತರೂದಾತು. ಈಗ ಮೂರ ಅಂಗಡಿ ಲೆಕ್ಕ ಮನ್ಯಾಗ ಕುಂತ ಬರೀತೀನಿ, ವಾರಕ್ಕ ಎರಡ ದಿನ ಕಟಕ ರೊಟ್ಟಿ ಬಡದ ಕೊಡ್ತೀನಿ. ಎಲ್ಲಾ ಕೂಡಿ ಎಂಟ ಸಾವಿರ ಆಗ್ತೈತಿ. ಅಂದ್ರ ಮೊದಲಿಗಿಂತಾ ಮೂರ ಸಾವಿರ ಕಡಿಮಿ. ಬಿಟ್ರ ಎಲ್ಲಾ ಛಲೋ ಆಗ್ತೈತಿ ಅಂತ ಸುಳ್ಳ ಹೇಳೂದಿಲ್ಲ. ಆದ್ರ ರಾತ್ರಿ ಹತ್ತಕ್ಕ ಫೋನ್ ಬಡದ್ರ ಈಗ ಎದಿ ಧಸಕ್ ಅನ್ನೂದಿಲ್ಲ. ಆ ಮೂರ ಸಾವಿರಕ್ಕ ಇದು ಸಿಕ್ಕೈತಿ ಅನಕೊಂಡ್ರ ತುಟ್ಟಿ ಅಲ್ಲ.

ಬಿಡಾಕ ಬರಲಾರದವರೂ ಅದಾರ, ಅದನ್ನ ಮರತಿಲ್ಲ. ಬನಹಟ್ಟಿ, ರಬಕವಿ ಮಗ್ಗದ ಮನ್ಯಾಗ ಮುಂಗಡ ಇಸಗೊಂಡ ಕಂಡಿಕಿ ಸುತ್ತೂ ಹೆಣ್ಣಮಕ್ಕಳು, ಕಬ್ಬ ಕಡಿಯಾಕ ಮುಂಗಡ ತಗೊಂಡ ಬರೂ ಜೋಡಿಗೋಳು, ಗಂಡ ಇಲ್ಲದ ಒಬ್ಬಾಕಿನ ಮನಿ ಎಳಿಯಾಕಿ. ಅಂತವರಿಗೆ ಹೋಗಿ "ಬಿಟ್ಟಬಿಡು" ಅನ್ನೂದು ಹೊಟ್ಟಿ ತುಂಬಿದವರ ಮಾತು. ಅವರ ಪಾಲಿಗೆ ಕಾಯ್ದೆ ಗಟ್ಟಿ ಆಗಬೇಕು, ಸಂಘ ಗಟ್ಟಿ ಆಗಬೇಕು. ಆದ್ರ ಇದರಿಂದ ನಾ ಕಲ್ತಿದ್ದ ಒಂದೈತಿ. ನೌಕರಿ ಬಿಡೂ ತಾಕತ್ತ ಒಬ್ಬಾಕೀದಲ್ಲ, ಆಕಿ ಹಿಂದಿನ ಮನಿದು. ಯಾರ ಹಿಂದ ಮನಿ ಐತಿ, ಯಾರ ಹಿಂದ ಇಲ್ಲ ಅನ್ನೂದನ್ನ ಸಾಹೇಬ ಲಗೂನ ಗುರುತ ಹಿಡೀತಾನ. "ನೀ ಬಿಟ್ರ ನಾಳೆ ನೂರ ಮಂದಿ ಬರ್ತಾರ" ಅಂತ ಆವ ಅನ್ನೂದು ಹಿಂದ ಯಾರೂ ಇಲ್ಲದಾಕಿಗೆ. ಆ ಹುಡುಗಿ ಹಿಂದ ಮನಿ ಐತಿ, ಅವ್ವ ಅದಾಳ, ಓಣಿ ಐತಿ. ಇದ್ದೂ ಇಲ್ಲದಂಗ ಮಾಡಬ್ಯಾಡ್ರಿ.

ಇನ್ನೊಂದ ಮಾತು. ಸಾಹೇಬ ನಮ್ಮ ಮ್ಯಾಲ ಹಾಕೂ ಒತ್ತಡ ನಮ್ಮ ಹತ್ರ ನಿಂದರೂದಿಲ್ಲ. ನನ್ನ ಮ್ಯಾಲ ಬಿದ್ದಿದ್ದನ್ನ ನಾ ಹೋಗಿ ಮಗ್ಗದ ಮನಿ ಹೆಣ್ಣಮಗಳ ಕಟ್ಟಿ ಮ್ಯಾಲ ಇಳಸಾಕ ಹೋಗಿದ್ದೆ. ಸಾಲ ವಸೂಲಿ ಕಿರುಕುಳ ಭಾಳ ಆಗಿ ನಮ್ಮ ರಾಜ್ಯದಾಗ ಮಂದಿ ಊರ ಬಿಟ್ಟ ಹೋಗೂ ಹೊತ್ತ ಬಂತು. 2025ರ ಫೆಬ್ರುವರಿಯಾಗ ಸರ್ಕಾರ ಸುಗ್ರೀವಾಜ್ಞೆ ತಂತು, ಸಾಲಗಾರರಿಗೆ ಬಲವಂತ ಮಾಡಿದ್ರ 10 ವರ್ಷದ ತನಕಾ ಜೈಲು, 5 ಲಕ್ಷದ ತನಕಾ ದಂಡ ಅಂತ. ಆಗ ಪೇಪರ್ ಓದಿ ನಾ ಅನಕೊಂಡೆ, ಬಾಗಲಕ್ಕ ಹೋಗಿ ಚೀರಾಡಾವ ಸಣ್ಣ ಪಗಾರದಾವ, ಸಿಕ್ಕ ಬೀಳಾಂವನೂ ಅವನ. ಪತ್ತೆ ಬರದ ಕೊಟ್ಟಾವ ಎಸಿ ಖೋಲ್ಯಾಗ ಇರ್ತಾನ. ಕೆಟ್ಟ ಕೆಲಸದಾಗ ತಾಳಕೋತ ಕುಂತ್ರ ನಾವ ಬರೇ ನೋವ ಉಣ್ಣೂದಿಲ್ಲ, ನೋವ ಹಂಚಾಕೂ ಹತ್ತೀವಿ.

ಸಿಟ್ಟ ಸಾಕು, ಈಗ ಉಪಯೋಗದ ಮಾತ. ಬಿಡೂದಾದ್ರ ಹೆಂಗ ಬಿಡಬೇಕು ಅನ್ನೂದನ್ನ ನಿಮ್ಮ ಹೆಣ್ಣಮಕ್ಕಳಿಗೆ, ಸೊಸ್ಯಾರಿಗೆ ಹೇಳ್ರಿ.

ಫೋನಿನ್ಯಾಗ ಸಿಟ್ಟಲೆ ಬಿಟ್ಟೆ ಅನಬಾರದು. ತಾರೀಖ ಹಾಕಿ ಬರದ ಕೊಡಬೇಕು, ಸಹಿ ಶಿಕ್ಕಾ ಹಾಕಿಸ್ಕೊಂಡ ಒಂದ ಝರಾಕ್ಸ್ ಮನ್ಯಾಗ ಇಟ್ಕೋಬೇಕು. ಮೇಲ್ ಕಳಿಸಿದ್ರ ಅದರ ಪ್ರತಿ ತಗದ ಇಡಬೇಕು. ಸೇರೂವಾಗ ಕೊಟ್ಟ ಪತ್ರದಾಗ ಎಷ್ಟ ದಿನ ಮೊದಲ ಹೇಳಬೇಕಂತ ಬರದಿರ್ತಾರ, ಅದನ್ನ ಓದಿ ಅಷ್ಟ ದಿನ ಮುಗಿಸಿ ಬರೂದು ಛಲೋ. ಅನುಭವದ ಪತ್ರ ಕೇಳಿ ಇಸಗೋಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾವ ಸಾಹೇಬನ ಕೈಯಾಗೂ ಬಿಟ್ಟ ಬರಬಾರದು, ತೋರಿಸಿ ಝರಾಕ್ಸ್ ಕೊಡ್ರಿ, ಸಾಕು. ಬಾಂಡ್ ಬರಸ್ಕೊಳ್ತೀವಿ ಅಂದ್ರ ಓದಲಾರದ ಸಹಿ ಮಾಡಬ್ಯಾಡ್ರಿ. ವಿಜಯಾ ಬ್ಯಾಂಕಿನ ಕೇಸಿನ್ಯಾಗ, ಮೂರ ವರ್ಷದೊಳಗ ಬಿಟ್ರ 2 ಲಕ್ಷ ಕೊಡಬೇಕು ಅನ್ನೂ ಕರಾರನ್ನ 2025ರ ಮೇ ತಿಂಗಳದಾಗ ಸುಪ್ರೀಂ ಕೋರ್ಟ್ ಎತ್ತಿ ಹಿಡದೈತಿ. ಅದಕ್ಕ ಸಹಿ ಮಾಡೂಕಿಂತಾ ಮೊದಲ ಮನಿಯವರೆಲ್ಲಾ ಕುಂತ ಓದಬೇಕು.

ರೊಕ್ಕದ್ದು. 2025ರ ನವೆಂಬರ್ 21ರಿಂದ ಜಾರಿ ಬಂದ ವೇತನ ಸಂಹಿತೆಯೊಳಗ, ರಾಜೀನಾಮೆ ಕೊಟ್ಟಾಕಿ ಪಗಾರ ಎರಡ ಕೆಲಸದ ದಿನದಾಗ ಕೊಡಬೇಕು ಅಂತ ಐತಿ. ಪಿಎಫ್ ನಮ್ಮದು, ಬಿಟ್ಟ ಬಂದ್ರೂ ನಮ್ಮದೇ. ಐದ ವರ್ಷ ತುಂಬಿಸಿದಾಕಿಗೆ ಗ್ರ್ಯಾಚುಟಿ ಬರ್ತೈತಿ, ಹತ್ತ ಮಂದಿ ಮ್ಯಾಲ ಇರೂ ಕಡೆ. ನನಗ ಈ ಮಾತ ಗೊತ್ತೇ ಇರಲಿಲ್ಲ, ಸಾಹೇಬ್ರೂ ಹೇಳಲಿಲ್ಲ. ಧಾರವಾಡದಾಗಿರೂ ಮೈದುನ ಹೇಳಿದ. ಕಡೀ ಪಗಾರದ ಹದಿನೈದ ದಿನದ ಪಾಲು, 26ರಿಂದ ಭಾಗಿಸಿ, ದುಡದ ವರ್ಷದಿಂದ ಗುಣಸೂದು. ನನ್ನ 11 ಸಾವಿರಕ್ಕ ಒಂಬತ್ತ ವರ್ಷದ್ದು 57 ಸಾವಿರದ 115 ರೂಪಾಯಿ ಆತು. ಅರ್ಜಿ ಹಾಕಿ, ಎರಡ ಸಲ ಹೋಗಿ ಕುಂತ, ಇಸಗೊಂಡೆ. ಬಿಲ್ವಾರ ಬಿಡಿಸಿದ್ದು ಆ ರೊಕ್ಕದಾಗ. ಎಷ್ಟ ಮಂದಿ ಹೆಣ್ಣಮಕ್ಕಳು ಅತಗೋತ ಬಿಟ್ಟ ಬಂದು, ಇದನ್ನ ಅಲ್ಲೇ ಬಿಟ್ಟಿರಬೇಕು!

ಮತ್ತ ನೌಕರಿ ಹತ್ತಿದ ದಿನದಿಂದಲೇ ಆಕಿ ಹೆಸರಿನ್ಯಾಗ ಒಂದ ಖಾತೆ ಇರ್ಲಿ, ಅದರಾಗ ಮೂರ ತಿಂಗಳ ಖರ್ಚ ಕೂಡಲಿ. ಅದನ್ನ ಬಂಗಾರಕ್ಕ, ಲಗ್ನಕ್ಕ, ತಮ್ಮನ ಬೈಕಿಗೆ ಕೇಳಬ್ಯಾಡ್ರಿ. ಸಾಹೇಬಗ ಆಗೂದಿಲ್ಲ ಅನ್ನಾಕ ಆಕಿ ಗಂಟಲದಾಗ ಧ್ವನಿ ಬರೂದ ಆ ಖಾತೆಯಿಂದ.

ಕಡೀಕ ಮತ್ತ ಆ ಹುಡುಗಿ ಮಾತು. "ನಾಳೆ ಗಂಡನ್ನ ಬಿಟ್ಟ ಬರ್ತಾಳ" ಅಂದ ಕಾಕು, ನೀವ ಯಾರು ಅಂತ ನನಗ ಗೊತ್ತೈತಿ, ನಿಮ್ಮ ಮ್ಯಾಲ ನನಗ ಪ್ರೀತಿನೂ ಐತಿ. ಆದ್ರ ಕೇಳ್ರಿ. ಬಡಿಯೂ ಗಂಡ ಇದ್ರ ಆಕಿ ಬಿಟ್ಟ ಬರೂದ ಛಲೋ. ನೌಕರಿ ಆಗ್ಲಿ, ಮನಿ ಆಗ್ಲಿ, ಜೀವಕ್ಕ ಕುತ್ತ ಬಂದಾಗ ಎದ್ದ ಬರೂದನ್ನ ಆಕಿ ಕಲ್ತಾಳ. ನಮಗ ಕಲಿಯಾಕ ಆಗಲಿಲ್ಲ ಅಂತ ಆಕೀನ ಯಾಕ ಬೈಬೇಕು?

ಐತವಾರ ಬಸ್ಸಿನ ಟಿಕೇಟ ರದ್ದ ಮಾಡಸ್ರಿ. ಹುಡುಗಿ ಒಂದ ತಿಂಗಳ ಮಲಗಲಿ. ಜ್ವಾಳದ ನುಚ್ಚ, ಮಜ್ಜಿಗಿ ಉಣ್ಣಲಿ. ಆಮ್ಯಾಲ ಆಕೀನ ಬ್ಯಾರೆ ನೌಕರಿ ಹುಡಕ್ತಾಳ, ಓದಿದಾಕಿ, ಶಾಣ್ಯಾಕಿ. ನೀವ ಮಾತಾಡಸಾಕ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಹೋದಾಗ "ಯಾಕ ಬಿಟ್ಟಿ" ಅಂತ ಕೇಳೂಕಿಂತಾ ಮೊದಲ "ಊಟಾ ಆತೇನವಾ" ಅಂತ ಕೇಳ್ರಿ. ಕಟ್ಟಿ ಮ್ಯಾಲ ಮರ್ಯಾದಿ ಕಳಿಯಾಕ ಬಂದು ಕುಂತಿದ್ದ ನನಗ ಮಗ್ಗದ ಮನಿ ಹೆಣ್ಣಮಗಳ ಚಾ ಕೊಟ್ಟಾಳ. ನಮ್ಮದೇ ಹುಡುಗಿಗೆ ನಾವ ಅಷ್ಟ ಕೊಡಾಕ ಆಗೂದಿಲ್ಲೇನ?

ಬುಧವಾರ ಮಧ್ಯಾಹ್ನ ನಮ್ಮ ಮನ್ಯಾಗ ಹಪ್ಪಳ ಲಟ್ಟಿಸೂದೈತಿ, ಮಣಿ ಲಟ್ಟಣಗಿ ತಗೊಂಡ ಬರ್ರಿ. ಆ ಹುಡುಗಿನೂ ಬರ್ತೀನಿ ಅಂದಾಳ. ಬಂದವರು ಆಕಿ ಬಾಜೂಕ ಜಾಗಾ ಮಾಡ್ಕೊಂಡ ಕುಂಡ್ರಿ, ಹಪ್ಪಳದ ಮಾತ ಆಡ್ರಿ.